ಎಂಟು ಎಲ್ಲಿ ಕೂರಬೇಕು

ಕಲ್ಲಿನ ಪುಡಿಗೆ ಒಂದು ವಾಸನೆಯುಂಟು. ಇದನ್ನು ಒಪ್ಪದವರು ಗ್ರಾನೈಟ್ ಕೊಯ್ಯುವ ಅಂಗಡಿಯ ಮಗ್ಗುಲಲ್ಲಿ ಎಂದೂ ನಿಂತವರಲ್ಲವೆಂದು ತಿಳಿಯತಕ್ಕದ್ದು. ಮೊದಲ ಮಳೆಗೆ ಮಣ್ಣು ಬಿಡುವ ಘಮದ ಪರವಾಗಿ ವಾದಿಸಲು ಜನ ಬೇಕಾದಷ್ಟಿದ್ದಾರೆ, ಕಲ್ಲಿಗೆ ವಕೀಲರಿಲ್ಲ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಬೆಂಕಿಕಡ್ಡಿ ಗೀರಿದಂತೆ ಇರುವ ಆ ವಾಸನೆ ಮೂಗಿನ ತುದಿಯಲ್ಲಿ ಕೂತು, ಸೀನು ಬರಿಸಲೋ ಬೇಡವೋ ಎಂದು ಯೋಚಿಸುತ್ತಿರುತ್ತದೆ.

ಮೊನ್ನೆ ಬೆಳಿಗ್ಗೆ ಬ್ಯಾಟರಾಯನಪುರದ ನಮ್ಮ ಮನೆ ಮುಂದೆ ಆ ವಾಸನೆ ಎದ್ದಿತು. ಚರಂಡಿ ಅಗಲ ಮಾಡುವವರು ಬಂದು, ನಮ್ಮ ಗೇಟಿನ ಎಡಗಂಬ ಸರ್ಕಾರದ ನೆಲದ ಮೇಲೆ ಕಾಲು ಚಾಚಿದೆ, ಒಂದಡಿ ಒಳಗೆ ಎಳೆದುಕೊಳ್ಳಬೇಕು ಎಂದು ಹೇಳಿಹೋಗಿದ್ದರು. ಎಳೆದುಕೊಳ್ಳುವುದಕ್ಕೆ ಗಾರೆ ಕೆಲಸದ ಶಂಕ್ರಪ್ಪ ಬಂದಿದ್ದ. ಮೊದಲು ಕಂಬಕ್ಕೆ ಕೂರಿಸಿದ್ದ ಕಪ್ಪು ಕಲ್ಲನ್ನು ಬಿಡಿಸಬೇಕಿತ್ತು. ಅವನು ಉಳಿಯಿಟ್ಟು ಸುತ್ತ ಮೆಲ್ಲಗೆ ಕುಟ್ಟುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು, "ಹುಷಾರಪ್ಪ, ಒಡೆದುಹೋದೀತು" ಎಂದು ಹೇಳುತ್ತಲೇ ಇದ್ದೆ. ಬಾಯಿ ಹಾಗೆ ಹೇಳುತ್ತಿದ್ದಾಗ ಮನಸ್ಸು ಏನು ಹೇಳುತ್ತಿತ್ತೆಂಬುದನ್ನು ನಿಮ್ಮ ಮುಂದೆ ಮುಚ್ಚಿಡಲಾರೆ. ಒಡೆಯಲಿ, ಚೂರಾಗಲಿ, ಯಾರ ತಪ್ಪೂ ಅಲ್ಲವೆಂಬಂತೆ ಪುಡಿಯಾಗಲಿ ಎಂದು ಅದು ಹಾರೈಸುತ್ತಿತ್ತು. ಹತ್ತು ಹನ್ನೆರಡು ವರ್ಷಗಳ ಹಾರೈಕೆ ಅದು.

ಕಲ್ಲು ಒಡೆಯಲಿಲ್ಲ. ಶಂಕ್ರಪ್ಪ ಕೆಲಸ ಬಲ್ಲವನು. ಮಗುವನ್ನು ಮಲಗಿಸುವಂತೆ ಅದನ್ನು ಗೋಣಿಚೀಲದ ಮೇಲೆ ಮುಖ ಕೆಳಗಾಗಿ ಮಲಗಿಸಿದ. ಹೋಗಲಿ, ಮುಖವಾದರೂ ಕೆಳಗಾಯಿತಲ್ಲ ಎಂದು ನಾನು ಸಮಾಧಾನಪಟ್ಟೆ.

ಆ ಮುಖದ ಮೇಲೆ ಇದ್ದದ್ದು ಒಂದು ಸಂಖ್ಯೆ: 318654729. ಇದನ್ನು ನೋಡಿದವರೆಲ್ಲ ಫೋನ್ ನಂಬರೆಂದೇ ತಿಳಿಯುತ್ತಾರೆ. ಪಾರ್ಸಲು ತರುವವರು ಗೇಟಿನ ಮುಂದೆಯೇ ನಿಂತು ಅದಕ್ಕೆ ಫೋನು ಮಾಡಲು ನೋಡಿ, ಒಂದಂಕಿ ಕಮ್ಮಿ ಇದೆ ಎಂದು ನನ್ನನ್ನೇ ಬೈದದ್ದುಂಟು. ಫೋನ್ ನಂಬರಾಗಿದ್ದರೆ ನನಗೇನೂ ನಾಚಿಕೆಯಿರಲಿಲ್ಲ. ಅದು ನನ್ನ ಮಾನದ ನಂಬರು. ಅದನ್ನು ಅರ್ಥ ಮಾಡಿಸಬೇಕಾದರೆ ಇನ್ನೊಂದು ಸಂಖ್ಯೆಯ ಕಥೆ ಹೇಳಬೇಕು. ಗಣಿತವೆಂದರೆ ಬೆವರುವವರು ದಯವಿಟ್ಟು ಎದ್ದು ಹೋಗಬೇಡಿ. ಮೂವತ್ತು ಚಿಲ್ಲರೆ ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು; ಎದ್ದು ಹೋಗುವವರ ಬೆನ್ನು ನೋಡಿ ನೋಡಿ ಸಾಕಾಗಿದೆ.

ಸಂಖ್ಯೆ ಇದು: 381654729. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿವೆ. ಇಷ್ಟಕ್ಕೇ ಯಾರೂ ಮೂಗಿನ ಮೇಲೆ ಬೆರಳಿಡಬೇಕಾಗಿಲ್ಲ. ಎಡಗಡೆಯಿಂದ ಒಂದೊಂದೇ ಅಂಕಿ ಸೇರಿಸಿಕೊಳ್ಳುತ್ತ ಬನ್ನಿ. ಮೊದಲಿನ 3 ಒಂದರಿಂದ ಭಾಗವಾಗುತ್ತದೆ. ಅದಕ್ಕೆ ಯಾರ ತಕರಾರೂ ಇಲ್ಲ. ಮೊದಲ ಎರಡು ಅಂಕಿ 38, ಎರಡರಿಂದ ಭಾಗವಾಗುತ್ತದೆ. ಮೊದಲ ಮೂರು, 381, ಮೂರರಿಂದ. 3816 ನಾಲ್ಕರಿಂದ, 38165 ಐದರಿಂದ, 381654 ಆರರಿಂದ. ಏಳರ ಹತ್ತಿರ ಎಲ್ಲರೂ ಮುಗ್ಗರಿಸುತ್ತಾರೆ. ಏಳು ಬಹಳ ಕೊಸರಾಡುವ ಅಂಕಿ. ಆದರೆ 3816547 ಏಳರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಮೊದಲ ಎಂಟಂಕಿ ಎಂಟರಿಂದ, ಪೂರ್ತಿ ಒಂಬತ್ತು ಒಂಬತ್ತರಿಂದ. ಊಟದ ಸಾಲಿಗೆ ಹೊಸಬರು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರೂ, ಪ್ರತಿ ಸಲವೂ ಕೂತವರಿಗೆಲ್ಲ ಸಮನಾಗಿ ಬಡಿಸಿ ಪಾತ್ರೆ ಖಾಲಿಯಾದಂತೆ. ಯಾರಿಗೂ ಕಡಿಮೆಯಿಲ್ಲ, ತಳದಲ್ಲಿ ಅಗುಳೂ ಮಿಕ್ಕಿಲ್ಲ.

ಈ ಒಂಬತ್ತು ಅಂಕಿಗಳನ್ನು ಮೂರೂವರೆ ಲಕ್ಷಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು. ಅಷ್ಟರಲ್ಲೆಲ್ಲ ಈ ಗುಣವಿರುವುದು ಇದೊಂದಕ್ಕೇ. ಅಕ್ಕಪಕ್ಕದ ಎರಡಂಕಿ ಜಾಗ ಬದಲಾಯಿಸಿದರೆ ಸಾಕು, ಊಟದ ಸಾಲಿನಲ್ಲಿ ಜಗಳ ಶುರು. ನಾನು ಇದನ್ನು ಕಂಡುಹಿಡಿದವನಲ್ಲ. ನನಗೆ ಯಾರೋ ಹೇಳಿಕೊಟ್ಟರು, ನಾನು ಮಕ್ಕಳಿಗೆ ಹೇಳಿಕೊಟ್ಟೆ. ಆದರೆ ಒಂದೇ ಆಸ್ತಿಯಿರುವವನು ಅದನ್ನೇ ಹೊದ್ದು ಅದನ್ನೇ ಹಾಸುವಂತೆ ನಾನು ಈ ಸಂಖ್ಯೆಯನ್ನು ಜೀವಮಾನವಿಡೀ ಬಳಸಿದೆ. ಪ್ರತಿ ವರ್ಷ ಮೊದಲ ದಿನ ಹಲಗೆಯ ಮೇಲೆ ಅದನ್ನು ಬರೆದು, ಮಕ್ಕಳು ಬಾಯಿ ಬಿಡುವವರೆಗೆ ಕಾದು, ಬಿಟ್ಟಮೇಲೆ ಮುಗುಳ್ನಗುತ್ತಿದ್ದೆ. ಸ್ಟಾಫ್‌ರೂಮಿನಲ್ಲಿ ಒಂದು ಶಪಥವನ್ನೂ ಮಾಡಿದ್ದೆ: ಎಂದಾದರೂ ಸ್ವಂತ ಮನೆ ಕಟ್ಟಿದರೆ ನಿಲಯ, ಕೃಪಾ, ಪ್ರಸಾದ ಎಂದೆಲ್ಲ ಹೆಸರಿಡುವುದಿಲ್ಲ, ಗೇಟಿನ ಮೇಲೆ ಈ ಸಂಖ್ಯೆಯೊಂದೇ ಇರುತ್ತದೆ, ತಿಳಿದವರು ತಿಳಿಯಲಿ.

ತಿಳಿದವರು ತಿಳಿದರು. ಅದೇ ತೊಂದರೆಯಾದದ್ದು.

ಇಲ್ಲಿ ಮುನಿರಾಜಣ್ಣ ಬರಬೇಕು. ಸ್ವಂತ ಮನೆಗೆ ಮೊದಲು ನಾವು ಬಹಳ ವರ್ಷ ಕೆಂಪಾಪುರದಲ್ಲಿ ಅವರ ಮನೆಯ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದೆವು. ಹೆಬ್ಬಾಳದ ಸುತ್ತ ದ್ರಾಕ್ಷಿ ಚಪ್ಪರವಿದ್ದ ಕಾಲದಿಂದ ಅಲ್ಲಿದ್ದ ಮನೆತನ ಅವರದು. ದ್ರಾಕ್ಷಿ ಹೋದಮೇಲೆ ಅವರು ಕಲ್ಲಿಗೆ ಬಂದರು. ಏರ್‌ಪೋರ್ಟ್ ರಸ್ತೆಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಮುಂದೆ ಒರಗಿಸಿಟ್ಟ ಗ್ರಾನೈಟ್ ಹಲಗೆಗಳು. ಅಡುಗೆಮನೆ ಕಟ್ಟೆಗೆ, ಮೆಟ್ಟಿಲಿಗೆ ಕಲ್ಲು ಕೊಯ್ದು ಕೊಡುತ್ತಿದ್ದರು. ಮನೆ ಹೆಸರಿನ ಕಲ್ಲುಗಳನ್ನು ಮಾತ್ರ ಯಂತ್ರಕ್ಕೆ ಬಿಡದೆ ತಾವೇ ಕೂತು ಕೆತ್ತುತ್ತಿದ್ದರು.

ಅವರಿಗೂ ನನಗೂ ಸ್ನೇಹ ಬೆಳೆದದ್ದು ಸಂಖ್ಯೆಗಳಿಂದಲೇ. ಶೆಡ್ಡಿನ ಪಕ್ಕ ಒಂದು ಟೀ ಅಂಗಡಿಯಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಅಲ್ಲಿ ನಿಂತು, ಹೋಗುವ ಬರುವ ವಾಹನಗಳ ನಂಬರ್ ಪ್ಲೇಟು ಓದುತ್ತಿದ್ದೆವು. ಇಬ್ಬರು ವಯಸ್ಕರು ಇಂಥ ಕೆಲಸದಲ್ಲಿ ತೊಡಗಿದ್ದನ್ನು ನೋಡಿ ನಗುವವರಿದ್ದರು, ಇರಲಿ. ನಾನು ನಾಲ್ಕಂಕಿ ಕಂಡಕೂಡಲೆ ಅದು ಯಾವುದರಿಂದ ಭಾಗವಾಗುತ್ತದೆಂದು ಹುಡುಕುತ್ತಿದ್ದೆ. ಮುನಿರಾಜಣ್ಣ ನಾಲ್ಕನ್ನೂ ಕೂಡಿಸಿ, ಬಂದದ್ದನ್ನು ಮತ್ತೆ ಕೂಡಿಸಿ, ಒಂದಂಕಿಗೆ ಇಳಿಸುತ್ತಿದ್ದರು. ಅದನ್ನು ಅವರು 'ಟೋಟ್ಲು' ಎನ್ನುತ್ತಿದ್ದರು.

"ಅದು ಐದು ಸಾ, ಓಡಾಡೋ ಗಾಡಿ. ಅಗೋ ಆ ಬಿಳೀದು ಮೂರು, ಪರ್ವಾಗಿಲ್ಲ. ಅಯ್ಯಯ್ಯೋ, ಆ ಟ್ಯಾಂಕರು ಎಂಟು! ವಸಿ ಇಂದಕ್ಕೆ ನಿಂತ್ಕಳಿ ಸಾ."

"ಮುನಿರಾಜಣ್ಣ, ಎಂಟು ಏನು ಮಾಡುತ್ತೆ? ಅದೂ ಒಂದು ಅಂಕಿ."

"ಶನಿ ಸಾ ಅದು. ನೀವು ಓದ್ದೋರು, ನಿಮ್ಗೆ ಗೊತ್ತಾಗಕಿಲ್ಲ."

ಅವರ ತಮ್ಮನ ಟೆಂಪೋದ ಟೋಟ್ಲು ಎಂಟಿತ್ತಂತೆ. ಬೇಡವೆಂದರೂ ಕೇಳದೆ ತೆಗೆದುಕೊಂಡನಂತೆ. ಅವನು ಆಗಲೂ ಕುಂಟುತ್ತಿದ್ದ. ಈ ವಾದದ ಮುಂದೆ ನನ್ನ ಬೀಜಗಣಿತ ಬಾಲ ಮುದುರಿಕೊಂಡು ಕೂರುತ್ತಿತ್ತು. ಹಾಗೆಂದು ನಾನು ಒಪ್ಪಿದವನಲ್ಲ. ಅವರ ನಂಬಿಕೆಯನ್ನು, ಮೇಷ್ಟ್ರು ದಡ್ಡ ಹುಡುಗನ ಬರವಣಿಗೆಯನ್ನು ಸಹಿಸುವಂತೆ, ಮೇಲಿನಿಂದ ಕೆಳಕ್ಕೆ ನೋಡುತ್ತ ಸಹಿಸಿಕೊಂಡಿದ್ದೆ.

ನನ್ನ 381654729 ಅವರಿಗೂ ಹಿಡಿಸಿತು. ಎಲ್ಲ ಕೂಡಿಸಿದರೆ ನಲವತ್ತೈದು, ನಾಲ್ಕೂ ಐದೂ ಒಂಬತ್ತು. "ಒಂಬತ್ತು ಅಂದ್ರೆ ರಾಜ ಸಾ!" ಎಂದು ಕೈ ಕುಲುಕಿದ್ದರು. ನಮ್ಮ ಮನೆ ಮೇಲೆದ್ದಾಗ ಗೇಟಿನ ಕಲ್ಲು ತಮ್ಮ ಉಡುಗೊರೆ, ತಾವೇ ಕೆತ್ತುವುದು, ಗೃಹಪ್ರವೇಶದ ದಿನದವರೆಗೆ ನಾನು ನೋಡಕೂಡದು ಎಂದು ಆಣೆ ಹಾಕಿಸಿದರು. ಹಿಂದಿನ ದಿನ ತಾವೇ ಬಂದು ಕೂರಿಸಿ, ಮೇಲೆ ಹಳದಿ ಬಟ್ಟೆ ಇಳಿಬಿಟ್ಟು ಹೋದರು.

ಆ ಗೃಹಪ್ರವೇಶವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ನನ್ನ ಹೆಂಡತಿ ಸರೋಜ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ಹೊಟ್ಟೆಯಲ್ಲಿದ್ದ ಗಡ್ಡೆ ತೆಗೆದು ಪರೀಕ್ಷೆಗೆ ಕಳಿಸಿದ್ದರು. ವರದಿ ಇನ್ನೂ ಬಂದಿರಲಿಲ್ಲ. ದಿನವನ್ನು ಮುಂದೂಡೋಣವೆಂದರೆ ಅವಳೇ ಬೇಡವೆಂದಳು. ಬಾಗಿಲ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನಿಗೆ ದಿಂಬಿಟ್ಟುಕೊಂಡು ಕೂತು, ಬಂದವರಿಗೆ ಕೈ ಮುಗಿಯುತ್ತಿದ್ದಳು. ನಾನೇನು ಮಾಡುತ್ತಿದ್ದೆ? ಭಾಷಣ ಬಾಯಿಪಾಠ ಮಾಡುತ್ತಿದ್ದೆ.

ಶಾಲೆಯ ಸಹೋದ್ಯೋಗಿಗಳು, ಹಳೆಯ ವಿದ್ಯಾರ್ಥಿಗಳು ಎಲ್ಲ ಬಂದಿದ್ದರು. ನಮ್ಮ ನಿವೃತ್ತ ಹೆಡ್ಮಾಸ್ಟರು ಪಾಟೀಲರು ಮುಂದಿನ ಸಾಲಿನಲ್ಲೇ ನಿಂತಿದ್ದರು. ಧಾರವಾಡದ ಕಡೆಯವರು, ಅವರೂ ಗಣಿತದವರು. ಯೌವನದಲ್ಲಿ ಬಂದು ಯಲಹಂಕದಲ್ಲಿ ನೆಲೆಸಿದರೂ ನಾಲಿಗೆಯನ್ನು ಊರಲ್ಲೇ ಬಿಟ್ಟುಬಂದವರಲ್ಲ. ಪೂಜೆ ಮುಗಿದ ಮೇಲೆ ನಾನು ಗೇಟಿಗೆ ಬೆನ್ನು ಮಾಡಿ ನಿಂತೆ. ತಿರುಗಿ ನೋಡದೆ ಹೇಳುತ್ತೇನೆ, ನೀವು ಕಲ್ಲು ನೋಡುತ್ತ ತಾಳೆ ಹಾಕಿ ಎಂದು ಸವಾಲು ಬೇರೆ. ಮುನಿರಾಜಣ್ಣ ಬಟ್ಟೆ ಎಳೆದರು. ಚಪ್ಪಾಳೆಯಾಯಿತು. ನಾನು ತರಗತಿಯ ದನಿಯಲ್ಲಿ, "ಮೊದಲ ಎರಡಂಕಿ ನೋಡಿ. ಎರಡರಿಂದ ಭಾಗವಾಗುತ್ತೋ ಇಲ್ಲವೋ?" ಎಂದೆ.

"ಆಗುತ್ತೆ ಸಾರ್" ಎಂಬ ಉತ್ತರಕ್ಕೆ ಕಾದೆ. ಬರಲಿಲ್ಲ. ಇನ್ನೊಮ್ಮೆ ಕೇಳಿದೆ.

"ಆಗಂಗಿಲ್ರೀ ಮಾಸ್ತರ" ಎಂದರು ಪಾಟೀಲರು, ಬಹಳ ವಿನಯದಿಂದ. "ಮೂವತ್ತೊಂದನ್ನ ಎರಡ ಮಂದಿಗೆ ಹೆಂಗ ಹಂಚತೀರಿ? ಸೀಳಾಕ ಕೊಡ್ಲಿ ತಗೊಂಡು ಬರ್ಲ್ಯಾ?"

ತಿರುಗಿದೆ. 38 ಇರಬೇಕಾದಲ್ಲಿ 31 ಇತ್ತು. ಎಂಟೂ ಒಂದೂ ಜಾಗ ಬದಲಾಯಿಸಿದ್ದವು. ಅಂಕಿಗಳು ಮಾತ್ರ ಮುತ್ತು ಪೋಣಿಸಿದಂತೆ ಇದ್ದವು.

"ನಾನೇ ಸಾ, ನಾನೇ ವಸಿ ಬದ್ಲಾಯಿಸ್ದೆ" ಎಂದು ಮುನಿರಾಜಣ್ಣ ಮುಂದೆ ಬಂದರು. ಅವರ ಮುಖದಲ್ಲಿ ತಪ್ಪಿತಸ್ಥನ ಲಕ್ಷಣವೇನೂ ಇರಲಿಲ್ಲ. "ಎಂಟು ಅಲ್ಲಿ ಬ್ಯಾಡ ಅನ್ನುಸ್ತು. ಒಂದೇ ಒಂದ್ ಮನೆ ಪಕ್ಕುಕ್ಕೆ ತಳ್ದೆ, ಅಷ್ಟೆ. ಟೋಟ್ಲು ಏನೂ ಕಮ್ಮಿ ಆಗಿಲ್ಲ, ಕೂಡಿಸ್ಕಳಿ, ಒಂಬತ್ತೇ!" ಹೇಳುವಾಗ ಅವರು ನನ್ನ ಕಡೆ ನೋಡದೆ ಬಾಗಿಲ ಕಡೆ ನೋಡಿದ್ದು ನನಗೆ ನೆನಪಿದೆ. ನಾಚಿಕೆಯಿಂದ ಮುಖ ತಪ್ಪಿಸುತ್ತಿದ್ದಾರೆ ಅಂದುಕೊಂಡೆ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಅಳುವುದಕ್ಕಿಂತ ಅದು ಸುಲಭವಾಗಿತ್ತು. ಭಾಷಣ ಅಲ್ಲಿಗೇ ನಿಂತಿತು. ಅಂದಿನಿಂದ ಪಾಟೀಲರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಫೋನು ಎತ್ತಿದರೆ, "ಏನ್ರೀ ಮೂವತ್ತೊಂದು, ಆರಾಮ?" ವರದಿ ನಾಲ್ಕು ದಿನ ಬಿಟ್ಟು ಬಂದಿತು. ಗಡ್ಡೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅದನ್ನು ಕೇಳಿ ನನಗಾದ ಸಂತೋಷ ದೊಡ್ಡದೇ. ಆದರೆ ಆ ನಾಲ್ಕು ದಿನ ನಾನು ನಿದ್ದೆಗೆಟ್ಟದ್ದು ಯಾವುದಕ್ಕೆ ಎಂದು ಯಾರಾದರೂ ಪ್ರಮಾಣ ಮಾಡಿಸಿ ಕೇಳಿದರೆ ನನಗೆ ಕಷ್ಟವಾಗುತ್ತದೆ.

ಕಲ್ಲನ್ನು ತೆಗೆಸುವಂತಿರಲಿಲ್ಲ. ಪ್ರೀತಿಯಿಂದ ಕೊಟ್ಟವರು, ಕೈಯಾರೆ ಕೆತ್ತಿದವರು; ತಪ್ಪು ಎಂದು ಹೇಗೆ ಹೇಳುವುದು? ಇಟ್ಟುಕೊಳ್ಳುವಂತೆಯೂ ಇರಲಿಲ್ಲ. ಲೆಕ್ಕದ ಮೇಷ್ಟ್ರ ಗೇಟಿನ ಮೇಲೆ ತಪ್ಪು ಲೆಕ್ಕ! ವಿದ್ಯಾರ್ಥಿಗಳು ಬಂದರೆ ಗೇಟಿನಲ್ಲೇ ನಿಂತು ಬೆರಳು ಮಡಿಚಿ, ಒಳಗೆ ಬಂದು ಏನೂ ಗೊತ್ತಿಲ್ಲದವರಂತೆ ಕಾಫಿ ಕುಡಿಯುತ್ತಿದ್ದರು. ಕೊನೆಗೆ ನಾನು ಒಂದು ಉಪಾಯ ಹೂಡಿದೆ. ಕಂಬದ ಬುಡಕ್ಕೆ ಕಾಗದದ ಹೂವಿನ ಬಳ್ಳಿ ನೆಟ್ಟೆ. ಯಾವ ಗಿಡಕ್ಕೂ ಚೆಂಬು ನೀರು ಹಾಕದಿದ್ದವನು ಅದಕ್ಕೆ ಗೊಬ್ಬರ ತಂದೆ. ಸರೋಜ, "ಏನ್ರೀ, ಇದ್ದಕ್ಕಿದ್ದಂತೆ ತೋಟಗಾರಿಕೆ?" ಎಂದಳು. "ಗೇಟಿಗೆ ಲಕ್ಷಣವಾಗಿರುತ್ತೆ" ಎಂದೆ. ಬಳ್ಳಿ ನನ್ನ ಮಾನವನ್ನು ಅರ್ಥ ಮಾಡಿಕೊಂಡಿತೆಂದು ಕಾಣುತ್ತದೆ. ಎರಡೇ ವರ್ಷದಲ್ಲಿ ಕಲ್ಲನ್ನು ಪೂರ್ತಿ ನುಂಗಿತು.

ಮುನಿರಾಜಣ್ಣ ಆಗಾಗ ಬರುತ್ತಿದ್ದರು. ಮೊದಲ ಸಲ ನೋಡಿ, "ನಂಬ್ರು ಕಾಣಾಕಿಲ್ವಲ್ಲ ಸಾ, ಪೋಸ್ಟಿನವ್ರಿಗೆ ಕಷ್ಟ" ಎಂದು ಸರೋಜಳಿಂದ ಕತ್ತರಿ ಇಸಿದುಕೊಂಡು, ಕಲ್ಲಿನ ಅಳತೆಗೆ ಸರಿಯಾಗಿ ಕಿಟಕಿಯಂತೆ ಬಳ್ಳಿ ಕತ್ತರಿಸಿ, ತಮ್ಮ ಟವೆಲಿನಿಂದ ಕಲ್ಲೊರೆಸಿ ಹೋದರು. "ಮಳೆಗೆ ಬೆಳೆದುಬಿಟ್ಟಿದೆ" ಎಂದೆ. ಎರಡನೇ ಸಲವೂ ಕತ್ತರಿಸಿದರು. ಮೂರನೇ ಸಲ ಬಂದಾಗ ನಾನು ಮಹಡಿಯ ಕಿಟಕಿಯಲ್ಲಿದ್ದೆ. ಅವರು ಗೇಟಿನ ಮುಂದೆ ನಿಂತರು. ಬಳ್ಳಿಯ ಬುಡದಲ್ಲಿ ನಾನು ಹಿಂದಿನ ದಿನವಷ್ಟೇ ಹಾಕಿದ್ದ ಗೊಬ್ಬರ ನೋಡಿದರು. ಒಂದು ಎಲೆಯನ್ನು ಬೆರಳಿನಿಂದ ಎತ್ತಿ, ಹಾಗೇ ಬಿಟ್ಟರು. ಒಳಗೆ ಬಂದು ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಹೋದರು. ಕತ್ತರಿ ಕೇಳಲಿಲ್ಲ. ಆಮೇಲೆ ಎಂದೂ ಕೇಳಲಿಲ್ಲ. ಪಾಟೀಲರ ಮುಂದೆ ಆದ ಅವಮಾನ ಕಿವಿಯವರೆಗೆ ಮಾತ್ರ ಏರಿತ್ತು. ಇದು ಇಳಿದು ಎಲ್ಲೋ ಹೊಟ್ಟೆಯಲ್ಲಿ ಕೂತಿತು.

ಮುಂದೆ ರಸ್ತೆ ಅಗಲವಾಗಿ ಅವರ ಶೆಡ್ಡು ಹೋಯಿತು. ಮಂಡಿ ಹಿಡಿದುಕೊಂಡಿತು. ಮಗಳ ಮನೆಗೆಂದು ದೇವನಹಳ್ಳಿಯ ಆಚೆ ಹೋದರು. ಹಬ್ಬಕ್ಕೆ ಫೋನು ಮಾಡುತ್ತಾರೆ, ಮಾಡುವವರು ಅವರೇ.

ಈಗ ಮತ್ತೆ ಮೊನ್ನೆಯ ಬೆಳಿಗ್ಗೆಗೆ ಬರೋಣ. ಚರಂಡಿಯವರ ದೆಸೆಯಿಂದ ಬಳ್ಳಿಯನ್ನೂ ಕಡಿಸಬೇಕಾಗಿ ಬಂದಿತ್ತು. ಶಂಕ್ರಪ್ಪ ಕಲ್ಲಿನ ಬೆನ್ನಿಗೆ ಅಂಟಿದ್ದ ಹಳೆಯ ಸಿಮೆಂಟನ್ನು ಕೆತ್ತುತ್ತ ಕೂತಿದ್ದ. ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ.

"ಸಾರ್, ಇಲ್ಲೂ ಏನೋ ಬರ್ದಿದೆ ನೋಡಿ."

ಬಗ್ಗಿದೆ. ಸಿಮೆಂಟಿನ ಸಂದಿಯಲ್ಲಿ ಒಂದು 9, ಅದರ ಎಡಕ್ಕೆ 2. ಅವನು ಕಂಬಿಬ್ರಶ್ಶಿನಿಂದ ಉಜ್ಜುತ್ತ ಬಂದಂತೆ ಅಂಕಿಗಳು ಬಲದಿಂದ ಎಡಕ್ಕೆ ಒಂದೊಂದಾಗಿ ಎದ್ದವು. ಕೊನೆಗೆ ಸಾಲು ಪೂರ್ತಿಯಾಯಿತು. 381654729. ಒಂದಂಕಿಯೂ ಹೆಚ್ಚು ಕಮ್ಮಿಯಿಲ್ಲ. ಮುತ್ತು ಪೋಣಿಸಿದಂತಹ ಅದೇ ಕೈ.

"ಯಾವ್ ಸೈಡು ಮುಂದಕ್ಕೆ ಹಾಕ್ಲಿ ಸಾರ್?" ಎಂದ ಶಂಕ್ರಪ್ಪ.

ಉತ್ತರ ಹೇಳದೆ ಒಳಗೆ ಹೋಗಿ ದೇವನಹಳ್ಳಿಯ ಆಚೆಗೆ ಫೋನು ಮಾಡಿದೆ. ನಾನಾಗಿ ಮಾಡಿದ್ದು ಅದೇ ಮೊದಲು, ಅದೂ ಹಬ್ಬವಲ್ಲದ ದಿನ.

"ಅಲೋ, ಸಾ! ಚೆಂದಾಗಿದೀರಾ? ಅಮ್ಮಾವ್ರು ಉಸಾರಾಗವ್ರಾ?" ಅವರ ದನಿಯಲ್ಲಿ ಗಾಬರಿಯಿತ್ತು.

"ಎಲ್ಲ ಚೆನ್ನಾಗಿದೀವಿ ಮುನಿರಾಜಣ್ಣ. ಕಂಬ ಒಡೆಸಿದೆ. ಕಲ್ಲಿನ ಹಿಂದೆ ಏನಿದು?"

ಮುನಿರಾಜಣ್ಣ ನಕ್ಕರು. "ಓ, ಅದಾ? ಸಿಕ್ಕಾಕ್ಕಂಡ್ನಾ? ಮೊದ್ಲು ನೀವು ಏಳ್ದಂಗೇ ಕೆತ್ತಿದ್ದೆ ಸಾ. ಪೂರ್ತಿ ಮುಗ್ಸಿ, ನೀರಾಕಿ ತೊಳ್ದು ನೋಡ್ತೀನಿ, ಎರಡ್ನೇ ಮನೇಲಿ ಎಂಟು ಕೂತೈತೆ. ನಮ್ ಲೆಕ್ಕದಾಗೆ ಮೊದಲ್ನೇದು ಯಜಮಾನ್ರು, ಎರಡ್ನೇದು ಮನೆಯಮ್ಮ. ಅಮ್ಮಾವ್ರು ಆಗಿನ್ನೂ ಆಸ್ಪತ್ರೆಯಿಂದ ಬಂದವ್ರೆ, ರಿಪೋಲ್ಟು ಬಂದಿಲ್ಲ. ಅಂತಾ ಟೇಮಲ್ಲಿ ಶನೀನ ತಂದು ಅವ್ರ ಮಗ್ಗುಲಾಗೆ ಕೂರುಸ್ಲಾ? ಮನ್ಸು ಬರ್ಲಿಲ್ಲ ಸಾ. ಕಲ್ಲು ಮಗುಚಾಕಿ ಇನ್ನೊಂದ್ ಕಡೆ ಕೆತ್ದೆ."

"ಅವತ್ತೇ ಹೇಳಬಾರದಿತ್ತಾ?"

"ಅಷ್ಟ್ ಜನರ ಮುಂದೆ ಅಮ್ಮಾವ್ರ ಕಾಯ್ಲೆ ಇಸ್ಯ ಎತ್ತಕ್ಕಾಯ್ತದಾ? ಅವ್ರು ಅಲ್ಲೇ ಕುಂತವ್ರೆ."

ಅವತ್ತು ಅವರು ಬಾಗಿಲ ಕಡೆ ಏಕೆ ನೋಡಿದರೆಂದು ಈಗ ತಿಳಿಯಿತು. ಆದರೂ ಮೇಷ್ಟ್ರ ಬುದ್ಧಿ ನೋಡಿ, ಮುಂದಿನ ಪ್ರಶ್ನೆ ತಾನಾಗಿ ಬಂದಿತು. ಎಂಟನ್ನು ಎರಡನೆಯ ಮನೆಯಿಂದ ಮೂರನೆಯ ಮನೆಗೆ ತಳ್ಳಿದ್ದರಲ್ಲ.

"ಮೂರನೇದು ಯಾರು?"

"ಅದ್ಯಾಕೆ ಬುಡಿ ಸಾ."

"ಹೇಳಿ ಮುನಿರಾಜಣ್ಣ."

"ಮೂರ್ನೇದು ಮನೆಗೆ ಬಂದೋಗೋ ಸ್ನೇಯಿತ್ರು. ನಮ್ಗೇನಾಯ್ತದೆ ಸಾ, ಶನಿಗೂ ನಮ್ ಮನೆಗೂ ಮೊದ್ಲಿಂದ ಓಗಿಬರೋ ಬಳಕೆ ಐತೆ." ಮತ್ತೆ ನಕ್ಕರು. "ಆ ಬಳ್ಳಿ ಐತಾ ಸಾ ಇನ್ನೂವೆ?" ಎಂದರು.

"ಇಲ್ಲ. ಕಡಿಸಿದೆ."

"ಅಯ್ಯೋ, ಯಾಕೆ? ಒಳ್ಳೆ ಬಳ್ಳಿ. ಏಟು ಗೊಬ್ರ ಆಕಿದ್ರಿ ನೀವು."

ಫೋನು ಇಟ್ಟ ಮೇಲೆ ನಾನು ಒಂದು ಕಾಗದ ತೆಗೆದುಕೊಂಡೆ. ಇಷ್ಟು ವರ್ಷ ಮಾಡದಿದ್ದ ಒಂದು ಕೆಲಸ ಬಾಕಿಯಿತ್ತು. ಅವರ 318654729 ಎರಡನೇ ಹೆಜ್ಜೆಗೆ ಮುಗ್ಗರಿಸಿದ್ದನ್ನು ನೋಡಿ ನಾನು ಅಲ್ಲಿಗೇ ಕಣ್ಣು ಮುಚ್ಚಿದ್ದೆ. ಮುಂದಿನದನ್ನು ಭಾಗಿಸಿ ನೋಡಿರಲೇ ಇಲ್ಲ. ಈಗ ನೋಡಿದೆ. 31 ಎರಡರಿಂದ ಆಗುವುದಿಲ್ಲ, ಸರಿ. 318 ಮೂರರಿಂದ ಆಗುತ್ತದೆ. 3186 ನಾಲ್ಕರಿಂದ ಆಗುವುದಿಲ್ಲ. ಐದರಿಂದ ಆಗುತ್ತದೆ, ಆರರಿಂದ ಆಗುತ್ತದೆ. ಏಳರಿಂದ ಎರಡು ಸಲ ಭಾಗಿಸಿ ನೋಡಿದೆ. 3186547, ಏಳರಿಂದ, ಆಗುತ್ತದೆ! 381ಕ್ಕೂ 318ಕ್ಕೂ ಇರುವ ವ್ಯತ್ಯಾಸ ಅರವತ್ತಮೂರು, ಅದು ಏಳರ ಮಗ್ಗಿಯಲ್ಲೇ ಇದೆ. ಹತ್ತನೇ ತರಗತಿಯ ಹುಡುಗನಿಗೆ ಹೊಳೆಯಬೇಕಾದದ್ದು. ಎಂಟರಿಂದ, ಒಂಬತ್ತರಿಂದ, ಎಲ್ಲ ಆಗುತ್ತದೆ. ಒಂಬತ್ತು ಹೆಜ್ಜೆಯಲ್ಲಿ ತಪ್ಪಿದ್ದು ಎರಡೇ. ಏಳಕ್ಕೆ ಪಾಸಾದ ಸಂಖ್ಯೆಯನ್ನು ನಾನು ಗೊಬ್ಬರ ಹಾಕಿ ಮುಚ್ಚಿದ್ದೆ. ಉತ್ತರಪತ್ರಿಕೆಯ ಮೊದಲ ಪುಟ ನೋಡಿ ಸೊನ್ನೆ ಹಾಕುವ ಮೇಷ್ಟ್ರುಗಳನ್ನು ಜೀವಮಾನವೆಲ್ಲ ಬೈದವನು ನಾನು.

ಸರೋಜ ಬಾಗಿಲಲ್ಲಿ ನಿಂತು ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಕಣ್ಣೊರೆಸಿಕೊಳ್ಳುತ್ತಾಳೆಂದುಕೊಂಡೆ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಅದು ಅವಳು ತೀರ್ಮಾನಕ್ಕೆ ಬಂದ ಲಕ್ಷಣ.

"ಶಂಕ್ರಪ್ಪನಿಗೆ ಹೇಳಿ, ಹಿಂದಿನ ಸೈಡು ಮುಂದಕ್ಕೆ ಹಾಕಲಿ."

"ಯಾಕೆ?"

"ಯಾಕೆ ಅಂದ್ರೆ? ನನ್ನ ಶನೀನ ಆ ಮನುಷ್ಯ ಇಷ್ಟು ವರ್ಷ ತಲೆ ಮೇಲೆ ಹೊತ್ಕೊಂಡಿದಾರೆ. ಅಂಗಡಿ ಹೋಯ್ತು, ಕಾಲು ಹೋಯ್ತು. ಸಾಕು. ನಂದು ನನಗೆ ಬರ್ಲಿ."

"ಅದೆಲ್ಲ ಮೂಢನಂಬಿಕೆ ಕಣೇ. ರಸ್ತೆ ಅಗಲವಾಗಿದ್ದಕ್ಕೂ ಎಂಟಕ್ಕೂ ಏನು ಸಂಬಂಧ?"

"ಸಂಬಂಧ ಇಲ್ಲ ಅಲ್ವಾ? ಹಾಗಾದ್ರೆ ಹಾಕ್ಸಿ. ನಿಮ್ಮ ಲೆಕ್ಕದ ಪ್ರಕಾರವೂ ಅದೇ ಸರಿ ಅಲ್ವೇನ್ರೀ?"

ಸರಿ. ಅದೇ ಸರಿಯಾದ ಸಂಖ್ಯೆ. ಜೀವಮಾನದ ಶಪಥ, ಪಾಟೀಲರ ಬಾಯಿಗೆ ಬೀಗ, ಎಲ್ಲ ಆ ಕಡೆಯಿತ್ತು. ಹೊರಗೆ ಹೋದೆ. ಕಲ್ಲಿನ ಮುಂದೆ ನಿಂತೆ. ಎರಡನೇ ಮನೆಯಲ್ಲಿ ಎಂಟು, ಹೊಟ್ಟೆ ತುಂಬಿಸಿಕೊಂಡು, ಗಟ್ಟಿಯಾಗಿ ಕೂತಿತ್ತು. ಹಾಕಪ್ಪ ಎನ್ನಲು ಬಾಯಿ ತೆರೆದೆ. ಅಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಸರೋಜ ನೆನಪಾದಳು. ಬೇಡ, ಹಳೆಯ ಮುಖಕ್ಕೇ ತಿರುಗಿಸು ಎನ್ನಲು ನೋಡಿದೆ. ಮುನಿರಾಜಣ್ಣನ ಮಂಡಿ ಕಣ್ಣಿಗೆ ಬಂತು. ಎಂಟಕ್ಕೂ ಮಂಡಿಗೂ ಸಂಬಂಧವಿಲ್ಲವೆಂದು ನಾನು ಹಲಗೆಯ ಮೇಲೆ ಬರೆದು ಸಾಬೀತು ಮಾಡಬಲ್ಲೆ. ನಿಂತಲ್ಲೇ ಮನಸ್ಸಿನಲ್ಲಿ ಮಾಡಿಯೂ ಬಿಟ್ಟೆ. ಸಾಧಿಸಿ ಮುಗಿಸಿದ ಮೇಲೂ ಮಂಡಿ ಕಣ್ಣಿನಿಂದ ಹೋಗಲಿಲ್ಲ.

"ಸಾರ್, ಕಲಸಿದ್ದು ಗಟ್ಟಿಯಾಗ್ತಿದೆ" ಎಂದ ಶಂಕ್ರಪ್ಪ.

"ಸದ್ಯಕ್ಕೆ ಕಂಬ ಕಟ್ಟು. ಕಲ್ಲಿನ ಜಾಗ ಖಾಲಿ ಬಿಡು."

ಮಧ್ಯಾಹ್ನ ಯಲಹಂಕದ ದಾರಿಯಲ್ಲಿರುವ ಒಂದು ಕಲ್ಲಿನ ಅಂಗಡಿಗೆ ಹೋದೆ. ಅಲ್ಲೂ ಅದೇ ವಾಸನೆ. ಚೀಟಿಯ ಮೇಲೆ ಬರೆದುಕೊಟ್ಟೆ. ಅಂಗಡಿಯವನು ಓದಿ, ತಲೆ ಕೆರೆದುಕೊಂಡ.

"ಫೋನ್ ನಂಬರಾ ಸಾರ್? ಒಂದಂಕಿ ಕಮ್ಮಿ ಇದೆ."

"ಫೋನಲ್ಲ. ಮನೆಯದು. ಬರೆದ ಹಾಗೇ ಕೆತ್ತಬೇಕು. ಒಂದಂಕಿಯೂ ಆಚೀಚೆ ಸರಿಸಬಾರದು, ಯಾರು ಏನೇ ಹೇಳಲಿ."

ಬರೆದುಕೊಟ್ಟದ್ದು 831654729. ಎಂಟನ್ನು ಮೊದಲ ಮನೆಗೆ ತಂದಿದ್ದೇನೆ; ಅದು ಯಜಮಾನನ ಜಾಗವಂತೆ. ಹಳೆಯ ಕಲ್ಲನ್ನು ಜಗುಲಿಯಲ್ಲಿ ನಿಲ್ಲಿಸಿದ್ದೇವೆ, ಸುತ್ತ ಹೋಗಿ ಎರಡು ಕಡೆಯೂ ಓದಬಹುದು. ಭಾನುವಾರ ಕಾರು ಮಾಡಿಕೊಂಡು ಹೋಗಿ ಮುನಿರಾಜಣ್ಣನನ್ನು ಕರೆತರಬೇಕು, ಹೊಸ ಕಲ್ಲನ್ನು ಅವರ ಕೈಯಲ್ಲೇ ಕೂರಿಸಬೇಕು. ಬೇಡ ಸಾ, ಬೇಡ ಎಂದು ಗಲಾಟೆ ಮಾಡುತ್ತಾರೆ, ಗೊತ್ತು. ಪಾಟೀಲರನ್ನೂ ಕರೆದಿದ್ದೇನೆ. ಇನ್ನು ಮೇಲೆ ಅವರು ನನ್ನನ್ನು ಎಂಬತ್ತಮೂರು ಎನ್ನಬಹುದು.

ನಾಚಿಕೆ ಹೋಯಿತೇ ಎಂದು ಕೇಳುತ್ತೀರಿ. ಇಲ್ಲ. ಅದೂ ಮೊದಲ ಮನೆಗೆ ಬಂದು ಕೂತಿದೆ, ಎಂಟರ ಜೊತೆ. ಆದರೆ ಈ ಸಲ ನಾನು ಎರಡನೇ ಹೆಜ್ಜೆಗೇ ಕಣ್ಣು ಮುಚ್ಚಲಿಲ್ಲ; ಕೊನೆಯವರೆಗೂ ಭಾಗಿಸಿ ನೋಡಿದೆ. ನನ್ನ ಸಂಖ್ಯೆ ಎರಡರಲ್ಲಿ ತಪ್ಪುತ್ತದೆ. ಏಳರಲ್ಲಿಯೂ ತಪ್ಪುತ್ತದೆ, ಅಲ್ಲಿ ಮುನಿರಾಜಣ್ಣನದೇ ಮೇಲು. ಮಿಕ್ಕವೆಲ್ಲ ಆಗುತ್ತವೆ, ಒಂಬತ್ತರಿಂದಲಂತೂ ಆಗಲೇಬೇಕು. ಈ ಒಂಬತ್ತು ಅಂಕಿಗಳನ್ನು ಹೇಗೆ ಕೂರಿಸಿದರೂ, ಯಾರನ್ನು ಎಲ್ಲಿಗೆ ತಳ್ಳಿದರೂ, ಅದೊಂದು ತಪ್ಪುವುದಿಲ್ಲ. ಮುನಿರಾಜಣ್ಣ ಗೇಟಿನ ಮುಂದೆ ನಿಂತು ಬೆರಳು ಮಡಿಚಿ ಕೂಡಿಸಿದರೆ, ಟೋಟ್ಲು ಕಮ್ಮಿಯಾಗಿರುವುದಿಲ್ಲ.